ಸರ್ ಲೋವನ್ನನ ಊರಿಗೆ ಒಂದು ತಗಡಿನ ಟ್ರಂಕು

ವಿಲಾಯತಿಗೆ ಹೋಗಿಬಂದೆ ಅಂದರೆ ಸಾಕು, ಕಂಡವರೆಲ್ಲ ಮೊದಲು ಕೇಳುವುದು ‘ರಾಣೀನ ನೋಡಿದ್ರಾ?’ ಅಂತ. ಇಲ್ಲ ಸ್ವಾಮಿ. ನಾನು ನೋಡಿದ್ದು ಹಸುಗಳನ್ನು. ಪಶುವೈದ್ಯ ಇಲಾಖೆಯವರು ತರಬೇತಿಗೆಂದು ಆರು ತಿಂಗಳು ಕಳಿಸಿದ್ದರು. ಆರು ತಿಂಗಳೂ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಆ ದೇಶದ ಕೊಟ್ಟಿಗೆಗಳಲ್ಲಿ ಸಗಣಿ ತುಳಿದುಕೊಂಡಿದ್ದೆ. ಮೈಸೂರಿನ ಪಕ್ಕದ ನಮ್ಮ ಕೆಸರೆಯಲ್ಲಿ ತುಳಿಯುತ್ತಿದ್ದ ಸಗಣಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಲ್ಲಿನದು ಸ್ವಲ್ಪ ತಣ್ಣಗಿತ್ತು, ಅಷ್ಟೆ.

ಆದ್ದರಿಂದ ಲಂಡನ್ನಿನ ಸೇತುವೆ, ಗಡಿಯಾರದ ಗೋಪುರ ಇವನ್ನೆಲ್ಲ ಬೇರೆಯವರು ಬರೆದಿದ್ದಾರೆ, ಅಲ್ಲೇ ಓದಿಕೊಳ್ಳಿ. ನಾನು ಹೇಳುವುದು ಕೊನೆಯ ವಾರದಲ್ಲಿ ಮಾಡಿದ ಒಂದು ಪಯಣ. ಮಾಡಲು ಇಷ್ಟವಿರಲಿಲ್ಲ. ಮಾಡಿದ್ದಾಯಿತು.

ರೈಲಿನಲ್ಲಿ

ಊರಿಗೆ ಹೊರಡುವ ಹಡಗಿಗೆ ಇನ್ನು ಒಂದೇ ವಾರವಿತ್ತು. ಮೈಯಲ್ಲಿ ಕಸುವೆಂಬುದು ಉಳಿದಿರಲಿಲ್ಲ. ನಿದ್ದೆ ಮಾಡಿದರೂ ತೀರದ ಒಂದು ದಣಿವು ಇದೆಯಲ್ಲ, ಪರಸ್ಥಳದಲ್ಲಿ ಬಹಳ ದಿನ ಬೇರೆಯವರ ಮಾತನ್ನೇ ಆಡಿ ಆಡಿ ನಾಲಗೆಗೆ ಬರುವಂಥದು, ಅದು. ಮುದ್ದೆ ಮುರಿದು ಆರು ತಿಂಗಳಾಗಿತ್ತು. ಹೋಗಿ ಸುಮ್ಮನೆ ಹಾಸಿಗೆಯಲ್ಲಿ ಬಿದ್ದುಕೊಳ್ಳಬೇಕು ಅಂತಿದ್ದವನನ್ನು ರೈಲು ಹತ್ತಿಸಿದ್ದು ಆ ತಗಡಿನ ಟ್ರಂಕು.

ಟ್ರಂಕು ಬೆನ್ ಸಾಹೇಬರದ್ದು. ಬೆಂಜಮಿನ್ ಟ್ರೆಗಾರ್ ಅಂತ ಪೂರಾ ಹೆಸರು. ಕೆಸರೆಯಲ್ಲಿ ನಮ್ಮ ಮನೆಯ ಗೋಡೆಗೆ ಒತ್ತಿಕೊಂಡಿದ್ದ ತಗಡಿನ ಮಾಡಿನ ಕೋಣೆಯಲ್ಲಿ ವರ್ಷಾನುಗಟ್ಟಲೆ ಬಾಡಿಗೆಗೆ ಇದ್ದ ದೊರೆ. ಪ್ರಾಯದಲ್ಲಿ ಕುದುರೆ ಪಳಗಿಸುವವರ ಜೊತೆ ಮೈಸೂರಿಗೆ ಬಂದರಂತೆ. ರಾಜರ ಕಾಲ ಮುಗಿದು, ಲಾಯಗಳು ಖಾಲಿಯಾಗಿ, ಜೊತೆಯ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದ ಮೇಲೂ ಇವರು ಹೋಗಲಿಲ್ಲ. ಜಟಕಾ ಕುದುರೆಗಳಿಗೆ ಲಾಳ ಕಟ್ಟಿಕೊಂಡು ಉಳಿದುಬಿಟ್ಟರು. ಹೋದ ವರ್ಷ ಜ್ವರ ಬಂದು ತೀರಿಕೊಂಡರು.

ಅವರಿಗೆ ಒಬ್ಬಳೇ ತಂಗಿ, ಇಂಗ್ಲೆಂಡಿನ ನೈರುತ್ಯದ ಮೂಲೆಯಲ್ಲಿ, ಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಸತ್ತ ಸುದ್ದಿ ಸರಕಾರಿ ಕಾಗದದಲ್ಲಿ ಆಗಲೇ ಹೋಗಿತ್ತು. ಟ್ರಂಕು ತಲುಪಿಸಲು ಬರುತ್ತೇನೆಂದು ನಾನು ಬರೆದದ್ದಕ್ಕೆ ಆಕೆ ಉತ್ತರಿಸಿದ್ದರು: ಅಣ್ಣನ ನೆನಪಿಗೆ ಇಗರ್ಜಿಯ ಗೋಡೆಯಲ್ಲಿ ಒಂದು ಕಲ್ಲು ಕೂರಿಸುತ್ತಿದ್ದೇವೆ, ಅದರ ಮೇಲೆ ‘ಕ್ಯಾಪ್ಟನ್’ ಎಂದು ಕೆತ್ತಿಸಬೇಕು. ನೀವು ಬಂದು, ಮಹಾರಾಜರ ಅಶ್ವದಳವನ್ನು ಅವನು ಹೇಗೆ ನಡೆಸಿದ, ಹೇಗೆ ಸತ್ತ ಎಂದು ನಾಲ್ಕು ಜನರ ಮುಂದೆ ಹೇಳಬೇಕು.

ಕ್ಯಾಪ್ಟನ್ನೂ ಇಲ್ಲ, ಅಶ್ವದಳವೂ ಇಲ್ಲ. ಟ್ರಂಕಿನಲ್ಲಿ ಸಾಹೇಬರ ಒಂದು ಫೋಟೋ ಇತ್ತು. ಅದರದೇ ಇನ್ನೊಂದು ಪ್ರತಿಯನ್ನು ಅವರು ತಂಗಿಗೆ ಎಂದೋ ಕಳಿಸಿದ್ದರು. ಜರಿ ಪಟ್ಟಿಯ ಕೆಂಪು ಕೋಟು, ಸೊಂಟದಲ್ಲಿ ಕತ್ತಿ, ಮೀಸೆಗೆ ಎಣ್ಣೆ. ಆ ಕೋಟು ಯಾರದೆಂದು ನಮ್ಮ ಕೇರಿಯ ನಾಯಿಗೂ ಗೊತ್ತಿತ್ತು: ಮದುವೆ ಬ್ಯಾಂಡಿನ ಕ್ಲಾರಿನೆಟ್ ಮೇಷ್ಟರದು. ಕತ್ತಿ ಮಾತ್ರ ಫೋಟೋ ಅಂಗಡಿಯದು, ಮರದ್ದು.

ಹಾಗಾಗಿ ರೈಲಿನಲ್ಲಿ ಕೂತು ನಾನು ಮಾಡುತ್ತಿದ್ದ ಕೆಲಸ ಒಂದೇ, ಸುಳ್ಳು ಹೊಸೆಯುವುದು. ವಯಸ್ಸಾದ ಹೆಣ್ಣುಮಗಳು, ಊರ ತುಂಬ ಕ್ಯಾಪ್ಟನ್ ಅಂತ ಹೇಳಿಕೊಂಡಿದ್ದಾಳೆ, ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತದೆ? ಕ್ಯಾಪ್ಟನ್ ಸಾಹೇಬರು ಬಿಳಿ ಕುದುರೆ ಏರಿ ದಸರಾ ಮೆರವಣಿಗೆಯ ಮುಂದೆ... ಇಷ್ಟು ಬಂದ ಮೇಲೆ ನನ್ನ ಸುಳ್ಳಿನ ಕುದುರೆ ಮುಂದಕ್ಕೆ ಹೆಜ್ಜೆಯನ್ನೇ ಇಡುತ್ತಿರಲಿಲ್ಲ.

ಎದುರಿಗೆ ಕೂತಿದ್ದ ಮಹಾಶಯ ಪತ್ರಿಕೆಯನ್ನು ಪರದೆಯ ಹಾಗೆ ಹಿಡಿದಿದ್ದ. ನಮ್ಮ ಕಡೆ ಬೆಂಗಳೂರಿಗೆ ಹೋಗುವ ಗಾಡಿ ಹತ್ತಿದರೆ ಪಾಂಡವಪುರ ದಾಟುವಷ್ಟರಲ್ಲಿ ಎದುರಿನವರ ಮಗಳಿಗೆ ಗಂಡು ಗೊತ್ತಾಗಿದೆಯೋ ಇಲ್ಲವೋ ತಿಳಿದಿರುತ್ತದೆ. ಮಂಡ್ಯದ ಹೊತ್ತಿಗೆ ಅವರ ಬುತ್ತಿಯಲ್ಲಿ ನಮಗೊಂದು ಪಾಲು ಬಂದಿರುತ್ತದೆ. ಇಲ್ಲಿ ಮೂರು ಗಂಟೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೂ ಆತನ ಮುಖ ಕಾಣಲಿಲ್ಲ. ನನ್ನ ತಲೆ ತೂಗಿತು. ಎಚ್ಚರವಾದಾಗ ನಾನು ಇಳಿಯಬೇಕಾದ ಜಂಕ್ಷನ್ ಹಿಂದೆ ಹೋಗಿತ್ತು.

ಆಗ ಪತ್ರಿಕೆ ಕೆಳಗಿಳಿಯಿತು. “ನಿಮ್ಮ ಟ್ರಂಕಿನ ಮೇಲೆ ಊರಿನ ಹೆಸರು ಓದಿದ್ದೆ,” ಅಂದ ಪುಣ್ಯಾತ್ಮ. “ನೀವು ಅಲ್ಲಿ ಇಳಿಯಬೇಕಿತ್ತು ಅನ್ನಿಸಿತು. ಆದರೆ ನಮಗೆ ಪರಿಚಯವಿರಲಿಲ್ಲವಲ್ಲ.”

ನಗಲೂ ಆಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಟ್ರಂಕು ಎಳೆದುಕೊಂಡು ಇಳಿದು, ವಾಪಸು ಹೋಗುವ ಗಾಡಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತೆ. ತಿನ್ನಲು ಸಿಕ್ಕಿದ್ದು ತಣ್ಣನೆಯ ಬ್ರೆಡ್ಡು, ಅದರ ನಡುವೆ ಸೌತೆಕಾಯಿ. ಉಪ್ಪೂ ಇಲ್ಲ, ಖಾರವೂ ಇಲ್ಲ. ಬಾಣಂತಿಗೂ ಇಷ್ಟು ಪಥ್ಯ ಮಾಡಿಸುವುದಿಲ್ಲ.

ಇಗರ್ಜಿಯಲ್ಲಿ

ಬಸ್ಸು ನನ್ನನ್ನು ಇಳಿಸಿದ್ದು ಆ ಊರ ಇಗರ್ಜಿಯ ಮುಂದೆ. ಇಪ್ಪತ್ತು ಮನೆಯ ಊರು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹನಿ ಉದುರುತ್ತಿತ್ತು. ಬಾಗಿಲು ತೆರೆದಿತ್ತೆಂದು ಒಳಗೆ ಹೋದೆ. ಹೋಗುವ ಮೊದಲು, ಕೈಕಾಲಿಗೆ ಅಂಟಿದ ಅಭ್ಯಾಸ ನೋಡಿ, ಬೂಟು ಬಿಚ್ಚಿ ಮೆಟ್ಟಿಲ ಮೇಲಿಟ್ಟೆ. ಸೂರಿನ ನೀರು ಸರಿಯಾಗಿ ಎಲ್ಲಿ ಬೀಳುತ್ತದೋ ಅಲ್ಲೇ ಇಟ್ಟಿದ್ದೆ ಅಂತ ಆಮೇಲೆ ತಿಳಿಯಿತು.

ಒಳಗೆ ಎಡಗೋಡೆಯ ಹತ್ತಿರ ಕಲ್ಲಿನ ಮನುಷ್ಯನೊಬ್ಬ ಅಂಗಾತ ಮಲಗಿದ್ದ. ಉಕ್ಕಿನ ಕವಚದ ಕಾಲದ ಸರದಾರ. ಅವರ ಮಾತಿನಲ್ಲಿ ನೈಟ್ ಅನ್ನುತ್ತಾರೆ. ಹೆಸರಿಗೆ ಮೊದಲು ‘ಸರ್’ ಹಾಕಿಕೊಳ್ಳುವವರು. ನಾನು ವೀರಗಲ್ಲು ನೋಡಿ ಬೆಳೆದವನು. ನಮ್ಮ ಹೊಲದ ಬದುವಿನಲ್ಲೇ ಒಂದಿತ್ತು: ಕೆಳಗಿನ ಪಟ್ಟಿಯಲ್ಲಿ ವೀರ ಹೊಡೆದಾಡುತ್ತಿರುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಪಟ್ಟಿಯಲ್ಲಿ ಶಿವನ ಮುಂದೆ ಕೈಮುಗಿದು ಕೂತಿರುತ್ತಾನೆ. ಸತ್ತರೂ ಅವನಿಗೆ ಕೆಲಸ ತಪ್ಪಿದ್ದಲ್ಲ. ಇವನು ನೋಡಿದರೆ ಸುಮ್ಮನೆ ಮಲಗಿದ್ದಾನೆ. ದಣಿದವನು ಮಲಗುತ್ತಾನಲ್ಲ, ಬಾಯಿ ಸ್ವಲ್ಪ ತೆರೆದು, ಹಾಗೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಇನ್ನೊಂದು ಸಂಗತಿ, ಅವನ ಹತ್ತಿರ ಕತ್ತಿಯಿರಲಿಲ್ಲ. ಎದೆಯ ಮೇಲೆ ಜೋಡಿಸಿದ ಕೈಗಳಲ್ಲಿ ಹಿಡಿದಿದ್ದದ್ದು ಒಂದು ಹಗ್ಗ, ಕುದುರೆಯ ಕೊರಳಿಗೆ ಹಾಕಿ ಹಿಡಿದುಕೊಂಡು ನಡೆಯುವಂಥದು.

“ಸರ್ ಲೋವನ್,” ಅಂತ ಹಿಂದಿನಿಂದ ದನಿ ಬಂತು. ಗೋಡೆಯ ಬುಡದಲ್ಲಿ ಒಬ್ಬ ದಪ್ಪ ಮನುಷ್ಯ ಉಳಿ ಹಿಡಿದು ಕೂತಿದ್ದ, ಮೈಯೆಲ್ಲ ಕಲ್ಲಿನ ಧೂಳು. “ಪುಸ್ತಕದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮೂರಿನವನು.” ಆಮೇಲೆ ನನ್ನ ಕಾಲುಚೀಲಗಳನ್ನು ನೋಡಿ, “ನೀವು ಮಿಸ್ ಟ್ರೆಗಾರ್ ಕಾಯುತ್ತಿರುವ ಮೈಸೂರಿನವರು ತಾನೇ?” ಎಂದ.

ಹೌದೆಂದೆ.

“ಸದ್ಯ ಬಂದಿರಲ್ಲ!” ತನ್ನ ಮುಂದಿನ ಕಲ್ಲು ತೋರಿಸಿದ. ಬೆಂಜಮಿನ್ ಟ್ರೆಗಾರ್ ಎಂಬ ಹೆಸರನ್ನು ಅಂದವಾಗಿ ಕೆತ್ತಿದ್ದ. ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗ ಬೋಳಾಗಿತ್ತು. “ಇಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ಕ್ಯಾಪ್ಟನ್ ಅಂತ ಹಾಕಲೇ ಅಂದರೆ, ತಡಿ, ಅವರು ಬರಲಿ, ಕೊನೆಕೊನೆಗೆ ಮೇಜರ್ ಮಾಡಿದ್ದರೂ ಮಾಡಿರಬಹುದು ಅಂತಾಳೆ ಆಕೆ. ಕಲ್ಲು ನೋಡಿ, ಒಂದು ಸಲ ಹೊಡೆದರೆ ಹೊಡೆದದ್ದೇ. ಏನು ಹಾಕಲಿ, ಹೇಳಿಬಿಡಿ.”

“ಮೊದಲು ಅವರ ಹತ್ತಿರ ಮಾತಾಡ್ತೀನಿ,” ಅಂದೆ.

“ಹಾಗಾದರೆ ನಾನೂ ಬರುತ್ತೇನೆ,” ಎಂದು ಮಂಡಿ ಒತ್ತಿಕೊಂಡು ಎದ್ದ.

ಹೊರಗೆ ನನ್ನ ಬೂಟುಗಳಲ್ಲಿ ಒಂದೊಂದು ಚೊಂಬು ನೀರು ಇತ್ತು. ಕವುಚಿ ಸುರಿದು ಹಾಕಿಕೊಂಡೆ. ಟ್ರಂಕಿನ ಒಂದು ಹಿಡಿ ಅವನು ಹಿಡಿದ, ಇನ್ನೊಂದು ನಾನು. ಪಚಕ್ ಪಚಕ್ ಅಂತ ಊರ ಬೀದಿಯಲ್ಲಿ ನಡೆದೆವು.

ಹೊಸ್ತಿಲಲ್ಲಿ

ಮಿಸ್ ಟ್ರೆಗಾರ್ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತರ ಹತ್ತಿರದ ಉದ್ದನೆಯ ಹೆಂಗಸು, ಸಾಹೇಬರದೇ ದವಡೆ. ಕೈಗಳು ಮಾತ್ರ ಗಂಡಸಿನ ಕೈಗಳ ಹಾಗೆ ದೊಡ್ಡವು. “ಬನ್ನಿ, ಒಳಗೆ ಬನ್ನಿ,” ಅಂದರು. ಹಿಂದೆ ಊಟದ ಮೇಜು ಕಾಣುತ್ತಿತ್ತು. ಬಿಳಿ ಬಟ್ಟೆ ಹಾಸಿ, ಒಂದು ಕುರ್ಚಿಯ ಮುಂದೆ ಮಾತ್ರ ತಟ್ಟೆ ಇಟ್ಟಿದ್ದರು.

ಇಲ್ಲಿ ನೋಡಿ, ನನ್ನ ಕಾಲು ಹೂತುಹೋಯಿತು.

ಊರು ಬಿಡುವಾಗ ಟ್ರಂಕಿಗೆ ಹಗ್ಗ ಬಿಗಿಯುತ್ತಾ ನಮ್ಮವ್ವ ಹೇಳಿದ್ದಳು: “ಸತ್ತ ಸುದ್ದಿ ತಕ್ಕೊಂಡು ಓಗ್ತಾ ಇದ್ದೀಯ ಕಣಪ್ಪ. ಅವರ ಒಸ್ಲು ದಾಟ್ಬ್ಯಾಡ. ಈಚೆ ನಿಂತ್ಕೊಂಡು ಏಳ್ಬುಟ್ಟು ಬಂದ್ಬುಡು. ತೊಟ್ಟು ನೀರೂ ಕುಡೀಬ್ಯಾಡ. ಅವರಿಗೂ ಒಳ್ಳೇದಲ್ಲ, ನಿಂಗೂ ಒಳ್ಳೇದಲ್ಲ.”

“ಅವರಿಗೆ ಆಗ್ಲೇ ಗೊತ್ತು ಕಣವ್ವ, ಕಾಗ್ದ ಓಗಿದೆ,” ಅಂದಿದ್ದೆ.

“ಕಾಗ್ದಕ್ಕೇನು ಬಾಯಿದ್ದದಾ? ಬಾಯಲ್ಲಿ ಏಳೋವರ್ಗೂ ಅದು ಸುದ್ದಿ ಅಲ್ಲ.”

ನಾನು ವಿದ್ಯಾವಂತ; ಸೂಜಿ ಹಿಡಿದು ಹಸುವಿಗೆ ಮದ್ದು ಕೊಡುವವನು. ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಇಲಾಖೆಯ ಕ್ಯಾಂಟೀನಿನಲ್ಲಿ ವಾದ ಮಾಡಿದ್ದೇನೆ. ಆದರೆ ಆ ಬಾಗಿಲಲ್ಲಿ, ದಣಿದ ಹೊತ್ತಿನಲ್ಲಿ, ಮೈಯೊಳಗಿಂದ ಎದ್ದು ನಿಂತದ್ದು ಅವ್ವನ ಮಾತೇ. “ಇಲ್ಲಮ್ಮ, ನಾನು ಇಲ್ಲೇ ನಿಂತು ಹೇಳಿ ಹೊರಡ್ತೀನಿ,” ಎಂದೆ.

“ಮಳೆಯಲ್ಲಿ?”

“ಪರವಾಗಿಲ್ಲ.”

“ಒಂದು ಲೋಟ ಚಹಾ?”

“ಬೇಡಮ್ಮ. ಇಲ್ಲಿ ನಾನು ಏನೂ ಮುಟ್ಟೋ ಹಾಗಿಲ್ಲ.”

ಆಕೆಯ ಮುಖ ಕಪ್ಪಿಟ್ಟಿತು. ಅದನ್ನು ಕಂಡಾಗಲೇ ನಾನು ಆಡಿದ್ದು ಅವರ ಕಿವಿಗೆ ಹೇಗೆ ಬಿತ್ತೆಂದು ನನಗೆ ಹೊಳೆದದ್ದು. “ನನ್ನ ಮನೆ ನಿಮಗೆ ಮೈಲಿಗೆಯೇ?” ಎಂದರು ತಣ್ಣಗೆ. “ನಿಮ್ಮ ಮನೆಯಲ್ಲಿ ಅವನು ಉಂಡ ಅಂತ ಬರೆದಿದ್ದನಲ್ಲ. ಅದು ಸುಳ್ಳೇ?”

ಅಯ್ಯೋ, ಹಾಗಲ್ಲ, ನಮ್ಮಲ್ಲಿ ಪದ್ಧತಿ ಹೀಗೆ ಅಂತ ಶುರುಮಾಡಿದೆ. ಇದ್ದ ಇಂಗ್ಲಿಷೆಲ್ಲ ಹಸುವಿನ ರೋಗಗಳಲ್ಲೇ ಖರ್ಚಾಗಿತ್ತು; ಸೂತಕಕ್ಕೆ ಒಂದು ಮಾತೂ ಸಿಗಲಿಲ್ಲ. ಅತ್ತ ಅವರು, ಉಣ್ಣದವರ ಬಾಯಿಂದ ನಾನು ಏನೂ ಕೇಳುವುದಿಲ್ಲ ಎಂದು ಕೈಕಟ್ಟಿ ನಿಂತರು. ಉಂಡರೆ ಹೇಳುವ ಹಾಗಿಲ್ಲ ಅಂತ ನಾನು, ಉಣ್ಣದಿದ್ದರೆ ಹೇಳುವ ಹಾಗಿಲ್ಲ ಅಂತ ಅವರು. ಕಲ್ಲುಕುಟಿಗ ಟ್ರಂಕಿನ ಮೇಲೆ ಕೂತು ಪೈಪಿಗೆ ಹೊಗೆಸೊಪ್ಪು ತುಂಬಿಕೊಂಡ. ಕೊನೆಗೆ ಅವನೇ ಪಕ್ಕದ ಮನೆಯ ಬೇಲಿಯ ಕಡೆ ತಿರುಗಿ ಪಾದ್ರಿಗಳನ್ನು ಕೂಗಿದ.

ಪಾದ್ರಿ ಬಂದರು. ಸಣ್ಣ ಮೈಕಟ್ಟಿನ ಮುದುಕರು, ತಲೆಯ ಮೇಲೆ ಛತ್ರಿ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಮೊದಲು ಆಕೆಯ ಮಾತು ಕೇಳಿದರು, ಆಮೇಲೆ ನನ್ನದು. ಕೇಳಿದ ಮೇಲೆ ಒಂದು ಉಸಿರು ಬಿಟ್ಟು, ಛತ್ರಿಯನ್ನು ನನ್ನ ತಲೆಗೂ ಹಂಚಿ, “ಇಗರ್ಜಿಯಲ್ಲಿ ಮಲಗಿದ್ದಾನಲ್ಲ, ಉಂಡ ಮೇಲೇ ಹೇಳುವ ನಮ್ಮೂರ ಈ ಪದ್ಧತಿ ಅವನಿಂದ ಬಂದದ್ದು,” ಎಂದರು. ಅವರು ಹೇಳಿದ ಕಥೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಆ ಸೀಮೆಯಲ್ಲಿ ಹಿಂದೆ ಒಬ್ಬ ದೊಡ್ಡ ರಾಜನಿದ್ದನಂತೆ. ತನ್ನ ಸರದಾರರಲ್ಲಿ ಮೇಲುಕೀಳು ಬರಬಾರದೆಂದು ಗುಂಡನೆಯ ಮೇಜು ಮಾಡಿಸಿ ಕೂರಿಸುತ್ತಿದ್ದವನು. ಅವನ ಸರದಾರರ ಕಥೆಗಳು ದೇಶವೆಲ್ಲ ಹಬ್ಬಿವೆ: ಒಬ್ಬ ರಾಕ್ಷಸನನ್ನು ಕೊಂದ, ಒಬ್ಬ ಪವಿತ್ರ ಬಟ್ಟಲು ಹುಡುಕಿಕೊಂಡು ಹೋದ. ಲೋವನ್ ಆ ರಾಜನ ಲಾಯದಲ್ಲಿ ಕುದುರೆ ಉಜ್ಜುವ ಆಳು. ಯುದ್ಧ ಮುಗಿದ ಮೇಲೆ, ಸವಾರ ಸತ್ತ ಕುದುರೆಗಳನ್ನು ಅವರವರ ಮನೆಗೆ ನಡೆಸಿಕೊಂಡು ಹೋಗಿ ಬಿಟ್ಟುಬರುವುದು ಅವನ ಕೆಲಸ. ಆಳು ಮುಂಬಾಗಿಲಿಂದ ಹೋಗುವ ಹಾಗಿಲ್ಲ. ಹಿತ್ತಿಲಿಗೆ ಹೋಗುತ್ತಿದ್ದ. ಹಾಗಾಗಿ ಮಗ ಸತ್ತದ್ದು ತಾಯಿಗಿಂತ ಮೊದಲು ಅಡಿಗೆಯವರಿಗೆ ಗೊತ್ತಾಗುತ್ತಿತ್ತು. ಒಬ್ಬ ತಾಯಿ ರಾಜನ ಹತ್ತಿರ ಬಂದು, ನನ್ನ ಮಗನ ಸಾವು ಪಾತ್ರೆ ತೊಳೆಯುವವರ ಬಾಯಿಂದ ನನಗೆ ತಿಳಿಯಬೇಕಾಯಿತು ಅಂತ ಅತ್ತಳಂತೆ. ರಾಜ ಆ ದಿನವೇ ಲೋವನ್ನನನ್ನು ಮಂಡಿಯೂರಿಸಿ ಸರದಾರ ಮಾಡಿದ. ಕತ್ತಿ ಕೊಡಲಿಲ್ಲ, ಅವನ ಕೆಲಸಕ್ಕೆ ಅದು ಬೇಕಿರಲಿಲ್ಲ. ಮುಂಬಾಗಿಲಿಂದ ಹೋಗಲು ಬೇಕಾದ ‘ಸರ್’ ಎಂಬ ಒಂದು ಮಾತು ಕೊಟ್ಟ. ಜೊತೆಗೆ ಎರಡು ಕಟ್ಟಳೆ: ಸತ್ತವನ ಕುರ್ಚಿಯಲ್ಲಿ ಕೂತು ಉಂಡ ಮೇಲೆಯೇ ಹೇಳಬೇಕು, ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು.

“ಅವನು ಇದ್ದದ್ದು ನಿಜವೇ?” ಎಂದು ಕೇಳಿದೆ.

ಪಾದ್ರಿ ಭುಜ ಹಾರಿಸಿದರು. “ಓದಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕ್ರೈಸ್ತರಾಗುವ ಮೊದಲು ಈ ಊರವರು ಪೂಜಿಸುತ್ತಿದ್ದ ಕುದುರೆ ದೇವರೇ ಆಮೇಲೆ ಕವಚ ತೊಟ್ಟ ಅನ್ನುವವರಿದ್ದಾರೆ. ಯಾತ್ರಿಕರು ಬರಲಿ ಅಂತ ಸನ್ಯಾಸಿಗಳು ಕಟ್ಟಿದ ಕಥೆ ಅನ್ನುವವರೂ ಇದ್ದಾರೆ. ದೊಡ್ಡ ಕಥೆಗಳಲ್ಲಿ ಅವನ ಹೆಸರೇ ಇಲ್ಲ. ಯಾಕಿರುತ್ತದೆ ಹೇಳಿ? ಅವನು ಬರುವ ಹೊತ್ತಿಗೆ ಕಥೆ ಮುಗಿದಿರುತ್ತದಲ್ಲ.”

ನಾನು ನಮ್ಮ ಸೀಮೆಯನ್ನು ನೆನೆದುಕೊಂಡೆ. ನಮ್ಮಲ್ಲೂ ಸಾವಿನ ಸುದ್ದಿ ಹೊತ್ತು ಊರಿಂದೂರಿಗೆ ನಡೆಯುವವರಿದ್ದಾರೆ, ಊರಾಚೆಯ ಕೇರಿಯವರು. ನಡುಬಿಸಿಲಲ್ಲಿ ಮೈಲುಗಟ್ಟಲೆ ಬಂದು ಜಗುಲಿಯ ಕೆಳಗೆ ನಿಂತು ಹೇಳುತ್ತಾರೆ. ಅವರಿಗೆ ನಾವು ನೀರು ಕೊಟ್ಟದ್ದನ್ನು ನಾನು ಕಂಡಿಲ್ಲ. ಅದನ್ನು ಶಾಸ್ತ್ರ ಅಂತ ತಿಳಿದಿದ್ದೆ. ಅವ್ವ ನನಗೆ ಹೇಳಿಕಳಿಸಿದ್ದು ಅವರ ಪಾಡನ್ನೇ ಅಂತ ಒದ್ದೆ ಬೂಟಿನಲ್ಲಿ ನಿಂತಾಗ ಗೊತ್ತಾಯಿತು. ಅವರಲ್ಲಿ ಯಾರನ್ನೂ ಯಾವ ರಾಜನೂ ಮಂಡಿಯೂರಿಸಿ ಸರದಾರ ಮಾಡಲಿಲ್ಲ.

“ಅವ್ವ, ಒಂದ್ಸಲ ಒಟ್ಟೆಗಾಕ್ಕೊಂಡ್ಬುಡು,” ಎಂದು ಮನಸ್ಸಿನಲ್ಲೇ ಅಂದು ಹೊಸ್ತಿಲು ದಾಟಿದೆ.

ಕುರ್ಚಿಯಲ್ಲಿ

ಕುರ್ಚಿ ಗಟ್ಟಿಮುಟ್ಟಾದ ಹಳೆಯ ಕುರ್ಚಿ. ಬೆನ್ ಸಾಹೇಬರು ಮನೆ ಬಿಟ್ಟಂದಿನಿಂದ ಅದರಲ್ಲಿ ಯಾರೂ ಕೂತಿಲ್ಲ ಅಂದರು. ಕುರಿಮಾಂಸ, ಬೇಯಿಸಿದ ಆಲೂಗೆಡ್ಡೆ, ಒಂದು ಬಗೆಯ ಸೊಪ್ಪು. ಉಪ್ಪು ಕಡಿಮೆಯಿತ್ತು, ಆದರೆ ಬಿಸಿಯಿತ್ತು. ನಾನು ಉಣ್ಣುವವರೆಗೂ ಮೂವರೂ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು. ಹೆಣ್ಣು ನೋಡಲು ಹೋದ ಗಂಡಿನ ಪಾಡು ನನ್ನದು.

ತಟ್ಟೆ ಎತ್ತಿದ ಮೇಲೆ ಆಕೆ ಕೈ ಒರೆಸಿಕೊಂಡು ಎದುರಿಗೆ ಕೂತರು. “ಈಗ ಹೇಳಿ. ಕ್ಯಾಪ್ಟನ್ನೋ, ಮೇಜರೋ?”

ಕಲ್ಲುಕುಟಿಗ ಬಾಯಿಂದ ಪೈಪು ತೆಗೆದ.

ರೈಲಿನಲ್ಲಿ ಹೊಸೆದದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಆದರೆ ಅವರ ಅನ್ನ ಉಂಡಾಗಿತ್ತು. ಕಣ್ಣಾರೆ ಕಂಡದ್ದು ಮಾತ್ರ ಅಂದಿದ್ದರು. ಮತ್ತೆ, ಸುಳ್ಳನ್ನು ನೆಟ್ಟಗೆ ನಿಲ್ಲಿಸಲೂ ಒಂದಿಷ್ಟು ತ್ರಾಣ ಬೇಕಲ್ಲ ಸ್ವಾಮಿ, ಅದು ನನ್ನಲ್ಲಿ ಉಳಿದಿರಲಿಲ್ಲ.

“ಅವರು ಯುದ್ಧ ಮಾಡಿದ್ದನ್ನ ನಾನು ಕಂಡಿಲ್ಲಮ್ಮ,” ಅಂದೆ.

“ಇರಲಿ. ದಳದ ಮುಂದೆ ಕುದುರೆಯ ಮೇಲೆ ಹೋಗುತ್ತಿದ್ದದ್ದನ್ನು ಕಂಡಿದ್ದೀರಲ್ಲ?”

“ಕುದುರೆ ಮೇಲೆ ಕಂಡದ್ದು ಕಮ್ಮಿ. ಕುದುರೆ ಕೆಳಗೆ ಕಂಡದ್ದೇ ಹೆಚ್ಚು.”

ಪಾದ್ರಿ ಕೆಮ್ಮಿದರು. ಆಕೆಯ ದವಡೆ ಬಿಗಿಯಿತು. “ಅಂದರೆ?”

ಅಂದರೆ ಅಂತ ಹೇಳತೊಡಗಿದೆ. ಬೆಳಗಾದರೆ ನಮ್ಮ ಗೋಡೆಯುದ್ದಕ್ಕೂ ಜಟಕಾಗಳು ನಿಲ್ಲುತ್ತಿದ್ದುವು. ಸಾಹೇಬರು ಸೊಂಟಕ್ಕೆ ತೊಗಲು ಕಟ್ಟಿಕೊಂಡು, ಒಲೆ ಊದಿ, ಲಾಳ ಕಾಯಿಸುತ್ತಿದ್ದರು. ಗಾಡಿಯವರ ಜೊತೆ ನಮ್ಮ ಮಾತಲ್ಲೇ ಜಗಳ: “ಏನಯ್ಯಾ, ಇದು ಕುದುರೆ ಕಾಲೋ, ಸೌದೆಯೋ? ನೀನೇ ಬರಿಗಾಲಲ್ಲಿ ಓಡು, ಗೊತ್ತಾಯ್ತದೆ!” ಚಂದ್ರಿ ಅಂತ ಒಂದು ಹೆಣ್ಣು ಕುದುರೆ ಇತ್ತು, ಯಾರು ಹತ್ತಿರ ಹೋದರೂ ಕಚ್ಚುವಂಥದು. ಇವರು ಅದರ ಪಕ್ಕ ಹೋಗಿ ಸುಮ್ಮನೆ ನಿಂತು, ಗುಂಯ್ ಅಂತ ಒಂದು ರಾಗ ತೆಗೆಯುತ್ತಿದ್ದರು. ಅದು ಕಿವಿ ಇಳಿಬಿಟ್ಟುಕೊಂಡು ಕಾಲು ತಾನಾಗಿ ಎತ್ತಿ ಕೊಡುತ್ತಿತ್ತು.

ಹೇಳುತ್ತಾ ಹೇಳುತ್ತಾ ನನ್ನ ಇಂಗ್ಲಿಷು ತೀರಿಹೋಯಿತು. ನಮ್ಮಜ್ಜ ಹರಟೆಗೆ ಕೂತರೆ ಬಾಯಿಗಿಂತ ಕೈಕಾಲಲ್ಲಿ ಹೇಳುತ್ತಿದ್ದದ್ದೇ ಹೆಚ್ಚು. ನಾನು ಮಾತು ಕಲಿತದ್ದು ಅವನಿಂದ. ಎದ್ದು ನಿಂತೆ. ನಾನು ಕೂತಿದ್ದ ಕುರ್ಚಿಯನ್ನೇ ಚಂದ್ರಿ ಮಾಡಿಕೊಂಡೆ. “ಸ್ವಾಮಿ, ಸ್ವಲ್ಪ ತಲೆ ಹಿಡ್ಕೊಳ್ಳಿ,” ಅಂದರೆ ಪಾದ್ರಿಗಳು ಪಾಪ, ಎದ್ದು ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡರು. ನಾನು ಅದಕ್ಕೆ ಬೆನ್ನು ತಿರುಗಿಸಿ, ಬಗ್ಗಿ, ಒಂದು ಕಾಲನ್ನೆತ್ತಿ ಮಂಡಿಗಳ ನಡುವೆ ಸಿಕ್ಕಿಸಿಕೊಂಡೆ. ಮೊಳೆಗಳೆಲ್ಲ ಬಾಯಲ್ಲಿ. ಬಾಯಿ ಮುಚ್ಚಿದ್ದರಿಂದಲೇ ರಾಗ ಗುಂಯ್ ಅನ್ನುವುದು. ಸುತ್ತಿಗೆ ಎರಡು ಸಲ ಲಾಳಕ್ಕೆ, ಒಂದು ಸಲ ಗಾಳಿಗೆ. ಯಾಕೋ ಆ ಗಾಳಿಯ ಪೆಟ್ಟು ಅವರಿಗೆ ಬೇಕೇ ಬೇಕು.

ತಲೆಯೆತ್ತಿದಾಗ ಕಲ್ಲುಕುಟಿಗ ನೆಲ ನೋಡುತ್ತಿದ್ದ. ಊರವರೆದುರು ಈ ಹೆಂಗಸಿನ ಮಾನ ತೆಗೆದೆನಲ್ಲ ಅಂತ ಕುರ್ಚಿಯ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ.

“ಯಾವ ಕೆನ್ನೆ?” ಅಂದರು ಆಕೆ.

“ಏನಮ್ಮ?”

“ಮೊಳೆ. ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ?”

ನೆನೆಸಿಕೊಂಡೆ. “ಎಡಗೆನ್ನೇಲಿ. ನಾಲಗೇಲಿ ಒಂದೊಂದೇ ತುಟಿಗೆ ತಳ್ಳೋರು.”

“ಎರಡು ಪೆಟ್ಟು ಲಾಳಕ್ಕೆ, ಒಂದು ಗಾಳಿಗೆ?”

“ಹೌದು.”

ಆಕೆ ಎರಡೂ ದೊಡ್ಡ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಅಂತ ತಿಳಿದೆ. ಕೈ ತೆಗೆದಾಗ ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಅದು ನಮ್ಮಪ್ಪ,” ಅಂದರು. “ನೀವು ಮಾಡಿ ತೋರಿಸಿದ್ದು ನಮ್ಮಪ್ಪನನ್ನು.”

ಈ ಸೀಮೆಗೆಲ್ಲ ಲಾಳ ಕಟ್ಟುತ್ತಿದ್ದವನು ಅವರಪ್ಪ. ಮಗನಿಗೆ ಕೆಲಸ ಕಲಿಸಿದ; ಮಗನಿಗೆ ಕೈ ಕುದುರಿತು, ಮನಸ್ಸು ಕುದುರಲಿಲ್ಲ. ಜೀವಮಾನವೆಲ್ಲ ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿರಲಾರೆ, ಮೇಲೆ ಕೂರುವವನಾಗುತ್ತೇನೆ ಅಂತ ತೊಗಲು ಬಿಸಾಕಿ ಹೊರಟುಹೋದ. ಅಪ್ಪ ಆಮೇಲೆ ಅವನ ಹೆಸರೆತ್ತಲಿಲ್ಲ. ಆದರೆ ಸಾಯುವ ಮೊದಲು ಮಗಳಿಗೆ ಹೇಳಿದನಂತೆ, ಆ ಕೈ ಸುಮ್ಮನೆ ಹಾಳಾಯಿತು ಅಂತ. ಕ್ಯಾಪ್ಟನ್ ಕೋಟಿನ ಫೋಟೋ ಬಂದಾಗ ಮಗಳು ಅದನ್ನೇ ಹಿಡಿದುಕೊಂಡಳು. ಹಾಳಾಗಲಿಲ್ಲ ಎಂದು ಊರಿಗೆ ತೋರಿಸಲು ಬೇರೆ ಏನಿತ್ತು?

“ಅಷ್ಟು ದೂರ ಓಡಿದನಲ್ಲ, ಇದನ್ನು ಮಾಡುವುದಕ್ಕೆ!” ಅಂತ ಮತ್ತೆ ನಕ್ಕರು. “ಕತ್ತೆ. ಹಿತ್ತಿಲಲ್ಲೇ ಮಾಡಬಹುದಿತ್ತು.”

ಕಲ್ಲುಕುಟಿಗ ಆಕೆಯನ್ನು ಹೆಸರು ಹಿಡಿದು ಮೆಲ್ಲಗೆ, “ಎಡಿತ್, ಹಾಗಾದರೆ ಏನು ಹೊಡೆಯಲಿ?” ಎಂದ.

“ಅಪ್ಪನ ಗೋರಿಯ ಮೇಲೆ ಏನು ಹೊಡೆದಿದೆಯೋ ಅದನ್ನೇ. ಲಾಳ ಕಟ್ಟುವವನು. ಕಣ್ಣು ಮಂಜಾಗಿದ್ದರೆ ಹೋಗಿ ನೋಡಿಕೊಂಡು ಬಾ.”

ಆಮೇಲೆ ನನ್ನ ಕಡೆ ತಿರುಗಿ, ಹೇಗೆ ಸತ್ತ ಎಂದು ಕೇಳಿದರು. ಅದನ್ನೂ ಕಂಡಷ್ಟು ಹೇಳಿದೆ. ಜ್ವರವಿದ್ದರೂ ಆ ಬೆಳಿಗ್ಗೆ ಚಂದ್ರಿಯನ್ನು ಕಟ್ಟಿಸಿಕೊಂಡಿದ್ದರು. ಮೂರು ಕಾಲಿಗೆ ಲಾಳ ಆಗಿತ್ತು. ತಲೆ ತಿರುಗುತ್ತದೆ ಅಂತ ಒಳಗೆ ಹೋಗಿ ಮಲಗಿದರು. ಅವ್ವ ಗಂಜಿ ತಂದು ಕುಡಿಸಿದಳು, ಅರ್ಧ ಕುಡಿದರು. ಅವ್ವ ಪಕ್ಕದಲ್ಲೇ ಕೂತಿದ್ದಳು, ನಾನು ಬಾಗಿಲಲ್ಲಿದ್ದೆ. ಯುದ್ಧವಿಲ್ಲ, ಕೊನೆಯ ಮಾತಿಲ್ಲ. ನಿದ್ದೆಯಲ್ಲಿ ಹೋದರು.

“ನಾಲ್ಕನೆಯ ಕಾಲು?” ಎಂದರು.

“ಬಾಕಿ ಉಳೀತು. ಗಾಡಿಯವನು ಸಂಜೆವರೆಗೂ ಕಾದು, ಕುಂಟಿಸಿಕೊಂಡೇ ಹೊಡ್ಕೊಂಡು ಹೋದ.”

ಕಿಟಕಿಯ ಹೊರಗೆ ಹನಿ ನಿಂತು ಸಂಜೆಯ ಬೆಳಕು ಬಿದ್ದಿತ್ತು. ನಾನು ಬಸ್ಸಿಗೆ ಹೊರಡಬೇಕು ಅಂದುಕೊಂಡೆ, ಮೈ ಏಳಲಿಲ್ಲ. ಆಕೆಯೇ ಎದ್ದರು. ಪಾದ್ರಿಗಳು ಇನ್ನೂ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು, ಬಿಡಬೇಕೋ ಹಿಡಿಯಬೇಕೋ ತಿಳಿಯದೆ. “ಗಟ್ಟಿಯಾಗಿ ಹಿಡಿಯಿರಿ, ಕಚ್ಚುತ್ತದಂತೆ,” ಎಂದರು ಅವರಿಗೆ.

ಕುರ್ಚಿಗೆ ಬೆನ್ನು ತಿರುಗಿಸಿ, ಲಂಗವನ್ನು ಒಂದು ಕೈಯಿಂದ ಒಟ್ಟುಮಾಡಿ ಬಗ್ಗಿದರು. ಬಾಕಿ ಉಳಿದ ನಾಲ್ಕನೆಯ ಕಾಲನ್ನೆತ್ತಿ ಮಂಡಿಗಳ ನಡುವೆ ಹಿಡಿದರು. ನಾಲಗೆಯಿಂದ ಎಡಗೆನ್ನೆಯನ್ನು ಉಬ್ಬಿಸಿಕೊಂಡರು. ಮುಚ್ಚಿದ ಬಾಯಲ್ಲಿ ಗುಂಯ್ ಎಂದು ಆ ರಾಗ ಶುರುವಾಯಿತು. ನನಗೆ ಸರಿಯಾಗಿ ಬಾರದಿದ್ದದ್ದು ಅವರಿಗೆ ಪೂರಾ ಬರುತ್ತಿತ್ತು. ಖಾಲಿ ಮುಷ್ಟಿ ಎರಡು ಸಲ ಮರಕ್ಕೆ ಬಿತ್ತು, ಒಂದು ಸಲ ಗಾಳಿಗೆ.